ಫೋಲ್ಡರ್ ಇಲ್ಲೇ ಉಳಿಯುತ್ತದೆ, ಫೈಲ್ ಊರೂರು ತಿರುಗುತ್ತದೆ: ನಮ್ಮ ವಾಚನಾಲಯದ ಕಂಪ್ಯೂಟರ್ ಒಪ್ಪ ಮಾಡಿದ ಕೆಲಸ

ಇದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ಸಣ್ಣ ವಾಚನಾಲಯದ ಕಂಪ್ಯೂಟರ್. 500 ಜಿಬಿ ಹಾರ್ಡ್ ಡಿಸ್ಕ್, ಜಾಗ ಹೆಚ್ಚುಕಮ್ಮಿ ಮುಗಿದಿತ್ತು. ಒಳಗಿದ್ದದ್ದು ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ರೆಕಾರ್ಡಿಂಗುಗಳು, ಯಕ್ಷಗಾನದ ಫೋಟೋಗಳು, ಜಾತ್ರೆಯ ಮತ್ತು ಶಾಲಾ ವಾರ್ಷಿಕೋತ್ಸವದ ಆಮಂತ್ರಣಗಳ ಸ್ಕ್ಯಾನ್, ಸಂಘದ ಲೆಕ್ಕಪತ್ರ, ಪಂಚಾಯತಿನಿಂದ ಬಂದ ಮಲಯಾಳದ ಕಾಗದಗಳು, ಮತ್ತೆ ಯಾರ್ಯಾರೋ ಪೆನ್‌ಡ್ರೈವಿನಿಂದ ಸುರಿದು ಹೋದದ್ದು. 'ನ್ಯೂ ಫೋಲ್ಡರ್', ಅದರೊಳಗೆ 'ನ್ಯೂ ಫೋಲ್ಡರ್ (2)', ಅದರೊಳಗೆ 'ಹಳೆಯದು', ಅದರೊಳಗೆ ಇನ್ನೊಂದು 'ಹಳೆಯದು'. ಒಂದು ಫೋಟೋ ಬೇಕೆಂದರೆ ಅದನ್ನು ಇಟ್ಟವರಿಗೇ ಫೋನ್ ಮಾಡಬೇಕು. ಅವರು ದುಬೈಯಲ್ಲಿದ್ದರೆ ರಾತ್ರಿಯವರೆಗೆ ಕಾಯಬೇಕು.

ಇದನ್ನು ಸರಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಾಡಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಷ್ಟೋ ಸಂಘಗಳಲ್ಲಿ, ಶಾಲೆಗಳಲ್ಲಿ, ದೇವಸ್ಥಾನದ ಆಫೀಸುಗಳಲ್ಲಿ ಇದೇ ತರದ ಕಂಪ್ಯೂಟರ್ ಇದೆ. ಅದರೊಳಗೆ ಇರುವುದು ನಮ್ಮ ಕನ್ನಡದ ದಾಖಲೆ. ಬೇರೆಲ್ಲೂ ಅದರ ಪ್ರತಿ ಇಲ್ಲ.

ಶುರು ಮಾಡುವ ಮೊದಲು ಒಂದು ವಿಷಯ ನಿಶ್ಚಯ ಮಾಡಿಕೊಂಡೆ. ಫೋಲ್ಡರುಗಳನ್ನು ಎಷ್ಟೇ ಚಂದ ಜೋಡಿಸಿ, ಫೈಲ್ ಆ ಫೋಲ್ಡರಿನ ಒಳಗೇ ಇರುವುದಿಲ್ಲ. ಯಾರೋ ವಾಟ್ಸಾಪಿನಲ್ಲಿ ಕೇಳುತ್ತಾರೆ, ಕಳಿಸುತ್ತೇವೆ. ಶಾಲೆಯ ಮೇಷ್ಟ್ರು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗುತ್ತಾರೆ. ಹೋಗುವುದು ಫೈಲ್ ಮಾತ್ರ. '2019 / ತಾಳಮದ್ದಳೆ / ಪೆರ್ಲ' ಎಂಬ ಫೋಲ್ಡರಿನಲ್ಲಿ 'ಆಡಿಯೋ 3' ಅಂತ ಇದ್ದ ಫೈಲು ಹೊರಗೆ ಹೋದ ಕೂಡಲೇ ಊರಿಲ್ಲದ, ವರ್ಷವಿಲ್ಲದ ಬರೀ 'ಆಡಿಯೋ 3' ಆಗುತ್ತದೆ. ಹಾಗಾಗಿ ಗುರುತು ಇರಬೇಕಾದ್ದು ಫೈಲಿನ ಹೆಸರಲ್ಲಿ. ಫೋಲ್ಡರ್ ಬರೀ ನಮ್ಮ ಅನುಕೂಲಕ್ಕೆ. ಮುಂದಿನ ಕೆಲಸವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಮೊದಲ ಕೆಲಸ: ಏನನ್ನೂ ಮುಟ್ಟದೆ ಇಡೀ ಡಿಸ್ಕಿನ ಪ್ರತಿ ತೆಗೆದದ್ದು. 2 ಟಿಬಿಯ ಹೊಸ ಎಕ್ಸ್‌ಟರ್ನಲ್ ಡಿಸ್ಕ್ ತಂದೆವು. ಎಳೆದು ಹಾಕುವ ಬದಲು ವಿಂಡೋಸಿನಲ್ಲೇ ಇರುವ ರೋಬೋಕಾಪಿ ಎಂಬ ಪ್ರತಿ ಮಾಡುವ ಆಜ್ಞೆಯನ್ನು ಬಳಸಿದೆ. ನಡುವೆ ಕರೆಂಟ್ ಹೋದರೂ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಆಗಲೇ ಹೋದ ಫೈಲುಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ತೆಗೆದುಕೊಳ್ಳುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಇದು ಸಣ್ಣ ಸಂಗತಿ ಅಲ್ಲ. ಒಂದು ಎಚ್ಚರ ಬೇಕು. ರೋಬೋಕಾಪಿಯಲ್ಲಿ 'ಮಿರರ್' ಎಂಬ ಆಯ್ಕೆ ಇದೆ, ಅದು ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಿಂದಲೂ ಅಳಿಸುತ್ತದೆ. ದಾಖಲೆ ಉಳಿಸುವ ಕೆಲಸಕ್ಕೆ ಅದು ಬೇಡವೇ ಬೇಡ. ಆ ಪ್ರತಿಯ ಮೇಲೆ 'ಮೂಲ, ಮುಟ್ಟಬೇಡಿ' ಎಂದು ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟೆ. ಇದಾದ ಮೇಲೆ ಧೈರ್ಯವಾಗಿ ಕೈ ಹಾಕಬಹುದು.

ಯಾವುದು ಎಷ್ಟು ಜಾಗ ತಿಂದಿದೆ ಎಂದು ನೋಡಲು ವಿಜ್‌ಟ್ರೀ ಹಾಕಿದೆ. ನಿರೀಕ್ಷೆ ಇದ್ದ ಹಾಗೆ ಜಾಸ್ತಿ ಜಾಗ ಆಡಿಯೋಗೇ ಹೋಗಿತ್ತು. ಕ್ಯಾಸೆಟ್ಟಿನಿಂದ ಇಳಿಸಿದ ವೇವ್ ಫೈಲುಗಳು. ಸಿಡಿ ಗುಣಮಟ್ಟದ ಸ್ಟೀರಿಯೋ ವೇವ್ ಒಂದು ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ. ಇದನ್ನು ಫ್ಲಾಕ್ ಎಂಬ ಆಡಿಯೋ ರೂಪಕ್ಕೆ ಬದಲಿಸಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ದನಿಯಲ್ಲಿ ಒಂದಿಷ್ಟೂ ನಷ್ಟವಿಲ್ಲ, ಬೇಕಾದಾಗ ಮತ್ತೆ ಅದೇ ವೇವ್ ಆಗಿ ಬಿಚ್ಚಬಹುದು. ಹಾಗಾಗಿ ಮೂಲಕ್ಕೆ ಫ್ಲಾಕ್, ಫೋನಿಗೆ ಕಳಿಸಲು ಎಂಪಿ3. 128 ಕೆಬಿಪಿಎಸ್ ಎಂಪಿ3 ಆದರೆ ಗಂಟೆಗೆ 58 ಎಂಬಿ ಸಾಕು. ಎರಡಕ್ಕೂ ಒಂದೇ ಹೆಸರು, ಕೊನೆಯ ಎಕ್ಸ್‌ಟೆನ್ಷನ್ ಮಾತ್ರ ಬೇರೆ. ಇಡೀ ರಾತ್ರಿಯ ಕಾರ್ಯಕ್ರಮವನ್ನು ಒಂದೇ ವೇವ್ ಮಾಡಿ ಇಡುವುದೂ ಬೇಡ. ಆರೂಮುಕ್ಕಾಲು ಗಂಟೆ ದಾಟಿದರೆ ಆ ಫೈಲ್ 4 ಜಿಬಿಯ ಮಿತಿ ಮೀರುತ್ತದೆ, ಫ್ಯಾಟ್32 ಎಂಬ ಹಳೆ ಕ್ರಮದ ಪೆನ್‌ಡ್ರೈವಿಗೆ ಹೋಗುವುದಿಲ್ಲ, ಕೆಲವು ಪ್ಲೇಯರುಗಳಲ್ಲಿ ಸರಿಯಾಗಿ ಓಡುವುದೂ ಇಲ್ಲ.

ಆಮೇಲೆ ಎರಡೆರಡು ಇರುವುದನ್ನು ಹುಡುಕಿದ್ದು. ಡ್ಯೂಪ್‌ಗುರು ಎಂಬ ಉಚಿತ ತಂತ್ರಾಂಶ ಇದೆ, ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಓಡುತ್ತದೆ. ಹೆಸರು ನೋಡದೆ ಒಳಗಿನ ವಿಷಯವನ್ನೇ ಹೋಲಿಸುವ ಹಾಗೆ ಇಟ್ಟು ಓಡಿಸಿದೆ. '(1)', '(2)', 'ಕಾಪಿ' ಎಂಬ ಬಾಲ ಇದ್ದದ್ದೆಲ್ಲ ಸಾಲಾಗಿ ಸಿಕ್ಕವು. ಆದರೆ ಫೋಟೋಗಳಲ್ಲಿ ಇಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ವಾಟ್ಸಾಪಿನಿಂದ ಬಂದ ಫೋಟೋವನ್ನು ಅದು ಮತ್ತೆ ಕುಗ್ಗಿಸಿರುತ್ತದೆ. ಕಣ್ಣಿಗೆ ಒಂದೇ ಚಿತ್ರ, ಕಂಪ್ಯೂಟರಿಗೆ ಎರಡು ಬೇರೆ ಫೈಲ್. ಅದಕ್ಕೆ ಅದೇ ತಂತ್ರಾಂಶದ ಚಿತ್ರ ಹೋಲಿಕೆಯನ್ನು ಓಡಿಸಿ, ಜೋಡಿಗಳನ್ನು ಒಂದೊಂದಾಗಿ ನೋಡಿ, ದೊಡ್ಡದನ್ನು ಉಳಿಸಿಕೊಂಡೆ. ಇಲ್ಲಿ ಅವಸರ ಬೇಡ. ಒಂದೇ ವೇಷ, ಒಂದೇ ರಂಗಸ್ಥಳ, ಕ್ಷಣದ ಅಂತರದಲ್ಲಿ ತೆಗೆದ ಎರಡು ಫೋಟೋಗಳನ್ನೂ ಅದು ಜೋಡಿ ಎಂದು ತೋರಿಸುತ್ತದೆ.

ಈಗ ಹೆಸರು. ತುಂಬಾ ಯೋಚಿಸಿ ಇಟ್ಟ ಮಾದರಿ ಇದು:

2019-11-24_ತಾಳಮದ್ದಳೆ_ಕೃಷ್ಣಸಂಧಾನ_ಪೆರ್ಲ_01

ವರ್ಷ, ತಿಂಗಳು, ದಿನ ಮೊದಲು. ಆಮೇಲೆ ಏನು, ಯಾವ ಪ್ರಸಂಗ, ಎಲ್ಲಿ, ಎಷ್ಟನೆಯ ಭಾಗ. ನಾವು ಬರೆಯುವ ಕ್ರಮದಲ್ಲಿ 24-11-2019 ಎಂದು ಇಟ್ಟರೆ ಕಂಪ್ಯೂಟರ್ ಮೊದಲು ದಿನವನ್ನು ಜೋಡಿಸುತ್ತದೆ. ಎಲ್ಲ ವರ್ಷಗಳ ಒಂದನೇ ತಾರೀಕು ಒಟ್ಟಿಗೆ, ಎರಡನೇ ತಾರೀಕು ಒಟ್ಟಿಗೆ. ವರ್ಷ ಮೊದಲು ಬಂದರೆ ಹೆಸರಿನ ಕ್ರಮವೇ ಕಾಲದ ಕ್ರಮ ಆಗುತ್ತದೆ. 1988ರಲ್ಲಿ ಬಂದ ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಕ್ರಮವೂ ಇದೇ. ನಮ್ಮಲ್ಲಿ ಕಾರ್ಯಕ್ರಮ ರಾತ್ರಿ ಶುರುವಾಗಿ ಬೆಳಗಿನ ಜಾವ ಮುಗಿಯುತ್ತದೆ, ಹಾಗಾಗಿ ಶುರುವಾದ ದಿನವೇ ಲೆಕ್ಕ ಎಂದು ನಿಯಮ ಮಾಡಿದೆವು. ಇಲ್ಲದಿದ್ದರೆ ಒಂದೇ ಕೂಟದ ಮೊದಲ ಭಾಗಕ್ಕೆ ಒಂದು ದಿನ, ಕೊನೆಯ ಭಾಗಕ್ಕೆ ಇನ್ನೊಂದು ದಿನ ಬೀಳುತ್ತದೆ.

ಹಳೆ ಹೆಸರುಗಳನ್ನು ಬದಲಿಸಲು ಮೈಕ್ರೋಸಾಫ್ಟಿನ ಪವರ್‌ಟಾಯ್ಸ್‌ನಲ್ಲಿರುವ ಪವರ್‌ರಿನೇಮ್ ಬಳಸಿದೆ. ಒಂದೇ ಸಲಕ್ಕೆ ನೂರಾರು ಫೈಲುಗಳ ದಿನ-ತಿಂಗಳು-ವರ್ಷವನ್ನು ತಿರುಗಿಸಿ ಬರೆಯುತ್ತದೆ, ಬದಲಾಗುವ ಮೊದಲು ಹೊಸ ಹೆಸರು ಪಕ್ಕದಲ್ಲಿ ಕಾಣುತ್ತದೆ. ಆ ಪಟ್ಟಿಯನ್ನು ಕೊನೆಯವರೆಗೆ ಓದಿಯೇ ಒತ್ತಬೇಕು.

ಫೋಟೋಗಳ ದಿನಾಂಕ ಬೇರೆಯೇ ಕಥೆ. ಕ್ಯಾಮೆರಾ ಫೋಟೋದ ಒಳಗೆ ಎಕ್ಸಿಫ್ ಎಂಬ ಟಿಪ್ಪಣಿ ಇರುತ್ತದೆ, ತೆಗೆದ ದಿನ ಅದರಲ್ಲಿರುತ್ತದೆ, ಎಕ್ಸಿಫ್‌ಟೂಲ್ ಅದನ್ನು ಓದಿ ತಾನೇ ಹೆಸರು ಕೊಡುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಬಂದದ್ದರಲ್ಲಿ ಆ ಟಿಪ್ಪಣಿ ಹೋಗಿರುತ್ತದೆ. ಅದರ ಹೆಸರಿನಲ್ಲಿ ಕಾಣುವ ದಿನ ತೆಗೆದ ದಿನ ಅಲ್ಲ, ವಾಟ್ಸಾಪಿನಲ್ಲಿ ಬಂದ ದಿನ. ಜನವರಿಯ ಜಾತ್ರೆಯ ಫೋಟೋವನ್ನು ಯಾರೋ ಆಗಸ್ಟಿನಲ್ಲಿ ಕಳಿಸಿದರೆ ಅದು ಆಗಸ್ಟಿನದ್ದೇ ಆಗಿಬಿಡುತ್ತದೆ, ಅಲ್ವಾ? ಅದಕ್ಕೆ ಈಗ ಎಲ್ಲರಿಗೂ ಹೇಳಿದ್ದೇವೆ, ಫೋಟೋ ಕಳಿಸುವಾಗ 'ಡಾಕ್ಯುಮೆಂಟ್' ಎಂದು ಕಳಿಸಿ, ಆಗ ಮೂಲ ಹಾಗೇ ಬರುತ್ತದೆ. ಇನ್ನು ವಿಂಡೋಸ್ ತೋರಿಸುವ 'ಕ್ರಿಯೇಟೆಡ್' ದಿನಾಂಕವನ್ನು ನಂಬಲೇಬೇಡಿ, ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಪ್ರತಿ ಮಾಡಿದ ದಿನವೇ ಅಲ್ಲಿ ಬಂದು ಕೂರುತ್ತದೆ.

ಹಳೆ ಆಮಂತ್ರಣಗಳ ದಿನಾಂಕ ಹಿಡಿಯುವುದರಲ್ಲಿ ನನಗೆ ಅತ್ಯಂತ ಜಾಸ್ತಿ ಹೊತ್ತು ಹೋಯಿತು, ಅತ್ಯಂತ ಜಾಸ್ತಿ ಖುಷಿ ಸಿಕ್ಕಿದ್ದೂ ಅದರಲ್ಲೇ. ಎಷ್ಟೋ ಕಾಗದಗಳಲ್ಲಿ 'ಕುಂಭ ಮಾಸ 12, ಶನಿವಾರ' ಎಂದಷ್ಟೇ ಇರುತ್ತದೆ. ಇಸವಿ ಇಲ್ಲ. ಕುಂಭ ಎಂದರೆ ತುಳುವಿನ ಮಾಯಿ, ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ. ವರ್ಷ ಯಾವುದು? ಕನ್ನಡದ ಕಾಗದದಲ್ಲಿ ಸಂವತ್ಸರದ ಹೆಸರು ಇದ್ದರೆ ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ ಎಂದರೆ 1987-88, ಅಥವಾ 1927-28. ಮಲಯಾಳದ ನೋಟಿಸಿನಲ್ಲಿ ಕೇರಳದ ವರ್ಷಗಣನೆಯಾದ ಕೊಲ್ಲವರ್ಷ ಇರುತ್ತದೆ. ಆಗಸ್ಟ್ ನಡುವಿನಿಂದ ಡಿಸೆಂಬರ್ ಕೊನೆಯವರೆಗಾದರೆ ಅದಕ್ಕೆ 824 ಕೂಡಿಸಬೇಕು, ಜನವರಿಯಿಂದ ಮುಂದಕ್ಕಾದರೆ 825. ಕೊಲ್ಲವರ್ಷ 1163ರ ಕುಂಭ ಎಂದರೆ 1988. ಒಂದೇ ಜಾತ್ರೆಗೆ ಕನ್ನಡದಲ್ಲೂ ಮಲಯಾಳದಲ್ಲೂ ಕಾಗದ ಅಚ್ಚಾಗಿದ್ದು ಎರಡೂ ಸಿಕ್ಕರೆ, ಒಂದರಲ್ಲಿ ಪ್ರಭವ, ಇನ್ನೊಂದರಲ್ಲಿ 1163 ಇದ್ದರೆ, ಲೆಕ್ಕ ಎರಡು ಕಡೆಯಿಂದಲೂ ಬಂದು ಕೂಡುತ್ತದೆ. ಎರಡು ಭಾಷೆಯ ಊರಿನಲ್ಲಿ ಇರುವವರಿಗೆ ಮಾತ್ರ ಸಿಗುವ ಅನುಕೂಲ ಇದು.

ಇದ್ಯಾವುದೂ ಇಲ್ಲದ ಕಾಗದ ಆದರೆ ವಿಳಾಸ ನೋಡಬೇಕು. 'ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು' ಎಂದಿದ್ದರೆ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ಕ್ಕಿಂತ ಹಿಂದಿನದ್ದು ಎಂದು ಊಹಿಸಬಹುದು. 'ಕಣ್ಣಾನೂರು ಜಿಲ್ಲೆ' ಎಂದಿದ್ದರೆ 1957ರಿಂದ 1984ರ ನಡುವಿನದ್ದು. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ರಂದು. 'ಮಂಜೇಶ್ವರ ತಾಲೂಕು' ಎಂದಿದ್ದರೆ 2014 ಅಥವಾ ಆಮೇಲಿನದ್ದು. 671ರಿಂದ ಶುರುವಾಗುವ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದ್ದು ಆಗಲು ಸಾಧ್ಯವೇ ಇಲ್ಲ, ಪಿನ್ ಪದ್ಧತಿ ಬಂದದ್ದೇ ಆವತ್ತು. 'ಮೈಸೂರು ರಾಜ್ಯದಿಂದ ಆಗಮಿಸುವ' ಅತಿಥಿಗಳ ಹೆಸರಿದ್ದರೆ ಹೆಚ್ಚಾಗಿ 1973ರ ನವೆಂಬರಿನ ಹಿಂದಿನದ್ದು. ಒಂದು ಮಾತು ನೆನಪಿಡಬೇಕು. ಹೊಸ ಹೆಸರು ಕಾಗದದಲ್ಲಿದ್ದರೆ 'ಇದಕ್ಕಿಂತ ಹಿಂದಿನದ್ದಲ್ಲ' ಎಂದು ಗಟ್ಟಿಯಾಗಿ ಹೇಳಬಹುದು. ಹಳೆ ಹೆಸರಿದ್ದರೆ ಅಷ್ಟು ಗಟ್ಟಿಯಾಗಿ ಹೇಳಲು ಬರುವುದಿಲ್ಲ, ಜನ ಹಳೆ ವಿಳಾಸವನ್ನು ಅಭ್ಯಾಸದಿಂದ ಎಷ್ಟೋ ಕಾಲ ಅಚ್ಚು ಹಾಕಿಸುತ್ತಾರೆ.

ಇಷ್ಟಾದರೂ ವರ್ಷ ಮಾತ್ರ ಸಿಕ್ಕಿದ್ದಕ್ಕೆ ಬರೀ '1988' ಎಂದೇ ಬರೆದೆ. ದಶಕ ಮಾತ್ರ ಗೊತ್ತಿದ್ದರೆ '198x' ಎನ್ನುವ ಬದಲು '1980_ಅಂದಾಜು'. ಗೊತ್ತಿಲ್ಲದ ತಿಂಗಳಿಗೆ ಸುಮ್ನೆ 01 ಹಾಕುವುದು ಬೇಡ, ನಾಳೆ ಯಾರೋ ಅದನ್ನು ಜನವರಿ ಎಂದೇ ಓದುತ್ತಾರೆ.

ಊರಿನ ಹೆಸರುಗಳಿಗೆ ಬಂದರೆ, ಇಲ್ಲಿ ಒಂದು ಊರಿಗೆ ಮೂರು ಲಿಪಿ, ಮೂರು ರೂಪ. ನಮಗೆ ಕುಂಬಳೆ, ಮಲಯಾಳದಲ್ಲಿ ಕುಂಬಳ. ನಮಗೆ ಮಂಜೇಶ್ವರ, ಅವರಿಗೆ ಮಂಜೇಶ್ವರಂ. ಇಂಗ್ಲಿಷಿನಲ್ಲಿ ಬರೆದರೆ ಅಂತೂ ಒಬ್ಬೊಬ್ಬರದ್ದು ಒಂದೊಂದು. ಅಡೂರು ಮತ್ತು ಆದೂರು ನಮ್ಮದೇ ಜಿಲ್ಲೆಯ ಎರಡು ಬೇರೆ ಊರು, ಮುಳ್ಳೇರಿಯದ ಆಚೀಚೆ. ಪತ್ತನಂತಿಟ್ಟ ಜಿಲ್ಲೆಯಲ್ಲಿ ಇನ್ನೊಂದು ಅಡೂರು ಇದೆ. ಇಂಗ್ಲಿಷ್ ಅಕ್ಷರದಲ್ಲಿ ಮೂರೂ ಒಂದರೊಳಗೊಂದು ಬೆರೆತುಹೋಗುತ್ತವೆ, ಕನ್ನಡದಲ್ಲಿ ಬರೆದರೆ ಅಡೂರು ಅಡೂರೇ, ಆದೂರು ಆದೂರೇ. ಫೈಲಿನ ಹೆಸರು ಕನ್ನಡದಲ್ಲೇ ಇರಲಿ ಎಂದು ನಾನು ಹಠ ಹಿಡಿಯಲು ಇದೇ ದೊಡ್ಡ ಕಾರಣ.

ಆದರೆ ಕನ್ನಡದ ಹೆಸರಿಗೆ ತನ್ನದೇ ಆದ ತೊಡಕುಗಳಿವೆ. ಒಂದು, ಕಣ್ಣಿಗೆ ಕಾಣದ ಅಕ್ಷರ. 'ಸ್ಕೂಲ್' ಎಂದು ಒಬ್ಬರು ಟೈಪ್ ಮಾಡಿದಾಗ ಕೊನೆಯಲ್ಲಿ ಒತ್ತಕ್ಷರ ತಡೆಯುವ ಚಿಹ್ನೆ ಸೇರಿರುತ್ತದೆ, ಇನ್ನೊಬ್ಬರು ಮಾಡಿದಾಗ ಸೇರಿರುವುದಿಲ್ಲ. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಫೋಲ್ಡರ್. ದೀರ್ಘ ಸ್ವರಗಳಲ್ಲೂ ಹೀಗೇ. 'ಕೋ' ಎಂಬುದನ್ನು ಒಳಗೆ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ತುಂಡು ಮಾಡಿಯೂ ಬರೆಯಬಹುದು. ಎರಡು, ಉದ್ದ. ಲಿನಕ್ಸಿನಲ್ಲಿ ಒಂದು ಫೈಲಿನ ಹೆಸರಿಗೆ 255 ಬೈಟಿನ ಮಿತಿ ಇದೆ, ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ಅಂದರೆ 85 ಚಿಹ್ನೆ. ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕವಾಗುವುದರಿಂದ 'ತಾಳಮದ್ದಳೆ' ಒಂದೇ 27 ಬೈಟ್. ಕೇರಳದ ಶಾಲೆಗಳ ಲ್ಯಾಬಿನಲ್ಲಿ ಇರುವುದು ಲಿನಕ್ಸೇ ಆದ್ದರಿಂದ ನಮ್ಮ ಫೈಲುಗಳು ಅಲ್ಲಿಗೆ ಹೋಗಬೇಕಾದರೆ ಇದನ್ನು ಮೊದಲೇ ನೋಡಿಕೊಳ್ಳಬೇಕು. ವಿಂಡೋಸಿನಲ್ಲಿ ಫೋಲ್ಡರುಗಳ ದಾರಿಯೂ ಸೇರಿ 260 ಅಕ್ಷರ ದಾಟಿದರೆ ಎಷ್ಟೋ ತಂತ್ರಾಂಶಗಳು ಫೈಲನ್ನೇ ತೆರೆಯುವುದಿಲ್ಲ. ನಮ್ಮ ಮಾದರಿ ಹೆಸರು ನೂರು ಬೈಟಿನ ಒಳಗೇ ಮುಗಿಯುತ್ತದೆ.

ಕಾಣದ ಅಕ್ಷರಕ್ಕೆ ಪರಿಹಾರ ಸರಳ. 'ಹೆಸರುಗಳು' ಎಂಬ ಒಂದು ಪಠ್ಯ ಫೈಲಿನಲ್ಲಿ ಎಲ್ಲ ಊರುಗಳ, ಪ್ರಸಂಗಗಳ ಹೆಸರನ್ನು ಒಂದೇ ರೂಪದಲ್ಲಿ ಬರೆದಿಟ್ಟೆ. ಯಾರೂ ಹೊಸದಾಗಿ ಟೈಪ್ ಮಾಡಬಾರದು, ಅಲ್ಲಿಂದ ಕಾಪಿ ಮಾಡಿ ಅಂಟಿಸಬೇಕು. 'ಕೃಷ್ಣ ಸಂಧಾನ', 'ಶ್ರೀಕೃಷ್ಣ ಸಂಧಾನ', 'ಸಂಧಾನ' ಎಂದು ಮೂರು ತರ ಇದ್ದದ್ದು ಇದರಿಂದ ಒಂದಾಯಿತು.

ಹಾಡುವ ಭಾಗವತರು ಯಾರು, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಯಾರು, ಚೆಂಡೆ ಮದ್ದಳೆ ಯಾರದ್ದು ಎಂಬುದನ್ನು ಹೆಸರಿಗೆ ತುರುಕಲಿಲ್ಲ. ಅದಕ್ಕೆ ಒಂದು ಪಟ್ಟಿ ಇದೆ, ಲಿಬ್ರೆಆಫೀಸ್ ಕ್ಯಾಲ್ಕಿನಲ್ಲಿ. ಒಂದು ಫೈಲಿಗೆ ಒಂದು ಸಾಲು, ಊರಿನ ಹೆಸರಿಗೆ ಕನ್ನಡ, ಮಲಯಾಳ, ಇಂಗ್ಲಿಷ್ ಎಂದು ಮೂರು ಕಂಬ. ಯಾವ ಭಾಷೆಯಲ್ಲಿ ಹುಡುಕಿದರೂ ಸಿಗಬೇಕು. ಇದರ ಸಿಎಸ್‌ವಿ ಪ್ರತಿ (ಬರೀ ಪಠ್ಯವಾಗಿ ಉಳಿಸಿದ ಪಟ್ಟಿ) ಇಡುವಾಗ ಅಕ್ಷರ ಸಂಕೇತ ಯುಟಿಎಫ್-8 ಎಂದು ಆರಿಸಿ. ಎಕ್ಸೆಲ್ಲಿನಲ್ಲಿ ಮಾಮೂಲಿ ಸಿಎಸ್‌ವಿ ಮಾಡಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆ ಆಗುತ್ತದೆ.

ಫೋಲ್ಡರುಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಐದೇ ಐದು: ತಾಳಮದ್ದಳೆ, ಚಿತ್ರ, ಕಾಗದಪತ್ರ, ಲೆಕ್ಕ, ಬಂದದ್ದು. ಮೊದಲ ನಾಲ್ಕರ ಒಳಗೆ ವರ್ಷ, ಅಷ್ಟೇ. ಪ್ರಸಂಗಕ್ಕೊಂದು, ಕಲಾವಿದರಿಗೊಂದು ಫೋಲ್ಡರ್ ಬೇಕು ಎಂದು ಕೆಲವರು ಹೇಳಿದರು. ಒಂದೇ ರಾತ್ರಿ ಎರಡು ಪ್ರಸಂಗ, ಐದಾರು ಅರ್ಥಧಾರಿಗಳು ಇದ್ದರೆ ಆ ಫೈಲನ್ನು ಯಾವುದರಲ್ಲಿ ಇಡುವುದು? ಹೆಸರು ಸರಿ ಇದ್ದರೆ ಎವೆರಿಥಿಂಗ್ ಎಂಬ ಹುಡುಕುವ ತಂತ್ರಾಂಶದಲ್ಲಿ 'ಸಂಧಾನ' ಎಂದು ಬರೆದ ಕೂಡಲೇ ಎಲ್ಲ ವರ್ಷಗಳದ್ದೂ ಸಾಲಾಗಿ ನಿಲ್ಲುತ್ತದೆ. 'ಬಂದದ್ದು' ಎಂಬುದು ಮನೆಯ ಜಗಲಿ ಇದ್ದ ಹಾಗೆ, ಹೊರಗಿನಿಂದ ಬಂದದ್ದೆಲ್ಲ ಮೊದಲು ಅಲ್ಲಿ ಕೂರಬೇಕು, ಹೆಸರಾದ ಮೇಲೆಯೇ ಒಳಗೆ.

ಇನ್ನು ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆ ಫಾಂಟಿನಲ್ಲಿ ಮಾಡಿದ ಕಾಗದಗಳು. ಇವುಗಳನ್ನು ನೋಡಿದಾಗ ನನಗೆ ನಿಜವಾಗಿ ಭಯ ಆಯಿತು. ಪರದೆಯಲ್ಲಿ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಪದವೂ ಓದಲು ಬರುವುದಿಲ್ಲ, ಹುಡುಕಿದರೂ ಸಿಗುವುದಿಲ್ಲ. ಆಮಂತ್ರಣಗಳು, ಸ್ಮರಣ ಸಂಚಿಕೆಗಳು ಪುಟ ಜೋಡಿಸುವ ಹಳೆ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿವೆ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಆಮೇಲೆ ನಿಂತೇ ಹೋಯಿತು. ಅದು ಓಡುವ ಒಂದು ಹಳೆ ಕಂಪ್ಯೂಟರ್ ಹತ್ತಿರದ ಅಚ್ಚುಕೂಟದಲ್ಲಿತ್ತು. ಅಲ್ಲೇ ಕೂತು ಎಲ್ಲವನ್ನೂ ಫಾಂಟ್ ಸಮೇತ ಪಿಡಿಎಫ್ ಮಾಡಿದೆ. ನೋಡುವುದಕ್ಕೆ ಇದು ಸಾಕು. ಆದರೆ ಆ ಪಿಡಿಎಫಿನ ಒಳಗೂ ಇರುವುದು ಅದೇ ಹಳೆ ಸಂಕೇತ, ಅದರಿಂದ ಕನ್ನಡ ಹುಡುಕಲು ಆಗುವುದಿಲ್ಲ. ಅದಕ್ಕೆ ಪಠ್ಯವನ್ನು ಪರಿವರ್ತಕಕ್ಕೆ ಹಾಕಿ, ಈಗಿನ ಕಂಪ್ಯೂಟರುಗಳೆಲ್ಲ ಓದುವ ಯೂನಿಕೋಡ್ ಸಂಕೇತ ಮಾಡಿ, ಅದೇ ಹೆಸರಿನ ಪಠ್ಯ ಫೈಲಾಗಿ ಪಕ್ಕದಲ್ಲಿಟ್ಟೆ. ಪರಿವರ್ತನೆ ಆದ ಮೇಲೆ ಒಮ್ಮೆ ಓದಲೇಬೇಕು, ಅರ್ಕಾವತ್ತು ಇರುವ ಪದಗಳನ್ನು ಮುಖ್ಯವಾಗಿ ನೋಡಬೇಕು. ಹಳೆ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು, ಅಲ್ಲೇ ಎಡವುವುದು. ಮೂಲ ಫೈಲನ್ನು ಅಳಿಸಬೇಡಿ, ಮೂರೂ ಒಟ್ಟಿಗೆ ಇರಲಿ.

ಎಲ್ಲ ಮುಗಿದ ಮೇಲೆ ಎರಡು ಹೊಸ ಡಿಸ್ಕಿಗೆ ಪ್ರತಿ. ಒಂದು ವಾಚನಾಲಯದಲ್ಲಿ, ಇನ್ನೊಂದು ದೂರದ ಸದಸ್ಯರೊಬ್ಬರ ಮನೆಯಲ್ಲಿ. ಎರಡೂ ಒಂದೇ ಕಟ್ಟಡದಲ್ಲಿ ಇದ್ದರೆ ಎರಡು ಇದ್ದೂ ಒಂದೇ. ತುಲಾ ಮಾಸದ ಗುಡುಗು ಸಿಡಿಲು ನಮಗೆ ಗೊತ್ತೇ ಇದೆ, ಹಾಗಾಗಿ ಪ್ರತಿ ಆದ ಕೂಡಲೇ ಡಿಸ್ಕಿನ ಕೇಬಲ್ ತೆಗೆಯಬೇಕು, ಚುಚ್ಚಿ ಇಡಬಾರದು. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟಿದ್ದೇವೆ. ಪ್ರತಿ ಫೈಲಿನ ಎಸ್‌ಎಚ್‌ಎ-256 ಅಂಕಿಯ (ಫೈಲಿನ ಒಳಗಿನ ವಿಷಯದಿಂದ ಲೆಕ್ಕ ಹಾಕಿದ, ಬೆರಳಚ್ಚಿನ ಹಾಗಿರುವ ಗುರುತು) ಪಟ್ಟಿಯೂ ಡಿಸ್ಕಿನಲ್ಲಿದೆ. ಒಂದು ಬಿಟ್ ಕೆಟ್ಟರೂ ಆ ಅಂಕಿ ಪೂರ್ತಿ ಬದಲಾಗುವುದರಿಂದ, ಮಳೆಗಾಲ ಕಳೆದ ಮೇಲೆ ಮತ್ತೆ ಲೆಕ್ಕ ಹಾಕಿ ಹೋಲಿಸಿದರೆ ಯಾವ ಫೈಲ್ ಹಾಳಾಗಿದೆ ಎಂದು ಗೊತ್ತಾಗುತ್ತದೆ. ಒಂದೊಂದೇ ಫೈಲ್ ನೋಡುವುದಾದರೆ ವಿಂಡೋಸಿನಲ್ಲೇ ಸರ್ಟ್‌ಯುಟಿಲ್ ಇದೆ, ಬೇರೆ ಏನೂ ಹಾಕಬೇಕಾಗಿಲ್ಲ.

ಈಗ 'ಬಂದದ್ದು' ಫೋಲ್ಡರನ್ನು ತಿಂಗಳಿಗೊಮ್ಮೆ ಖಾಲಿ ಮಾಡುವ ಕೆಲಸವನ್ನು ಪ್ಲಸ್ ಟೂ ಓದುವ ಇಬ್ಬರು ಮಕ್ಕಳು ವಹಿಸಿಕೊಂಡಿದ್ದಾರೆ. ಮಾದರಿ ಹೆಸರನ್ನು ಅಚ್ಚು ಹಾಕಿ ಮಾನಿಟರಿನ ಕೆಳಗೆ ಅಂಟಿಸಿದ್ದೇವೆ. ಉಳಿದಿರುವ ದೊಡ್ಡ ಕೆಲಸ ಹಳೆ ಕಪ್ಪು ಬಿಳುಪು ಫೋಟೋಗಳಲ್ಲಿ ಇರುವವರು ಯಾರು ಎಂದು ಬರೆಯುವುದು. ಅದನ್ನು ಯಾವ ತಂತ್ರಾಂಶವೂ ಮಾಡಲಾರದು, ಊರಿನ ಹಿರಿಯರ ಹತ್ತಿರವೇ ಕೂತು ಕೇಳಬೇಕು. ವಯಸ್ಸಾದವರ ಮನೆಗಳಿಂದ ಶುರು ಮಾಡುತ್ತಿದ್ದೇವೆ, ಫೋಟೋಗಳನ್ನು ಟ್ಯಾಬ್ಲೆಟ್ಟಿನಲ್ಲಿ ದೊಡ್ಡದಾಗಿ ತೋರಿಸಿ, ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿ, ಆ ರೆಕಾರ್ಡಿಗೂ ಇದೇ ಕ್ರಮದಲ್ಲಿ ಹೆಸರು ಕೊಡುತ್ತಿದ್ದೇವೆ.